ಉಡುವುದು ಬೇರೆ, ಉಟ್ಟಿರುವುದು ಬೇರೆ

ಪ್ರಶ್ನೆ: ನಾನು ಮಂಡ್ಯದವಳು, ಮೈಸೂರಿನ ಸೀರೆ ಅಂಗಡಿಯೊಂದರಲ್ಲಿ ಕೆಲಸದಲ್ಲಿದ್ದೇನೆ. ವಿದೇಶಿ ಗಿರಾಕಿಯೊಬ್ಬರಿಗೆ ನನ್ನ ಮೈಮೇಲಿನ ಸೀರೆ ತೋರಿಸಿ ‘ಐ ಆಮ್ ಪುಟಿಂಗ್ ಆನ್ ಮೈಸೂರ್ ಸಿಲ್ಕ್’ ಎಂದೆ. ಜೊತೆಯಲ್ಲಿದ್ದವರು ನಕ್ಕುಬಿಟ್ಟರು. ತಪ್ಪೇನು, ಮೇಡಂ?

ಉತ್ತರ: ನಗುವ ಬದಲು ಅವರು ತಿದ್ದಬೇಕಿತ್ತು, ಪತ್ರ ಓದಿ ನನಗೆ ಬೇಸರವಾಯಿತು. ಇಂಗ್ಲಿಷ್ ಮೇಷ್ಟ್ರಾಗಿದ್ದ ನನ್ನ ತಂದೆ ಇಂಥ ಪ್ರಶ್ನೆಗೆ ಕನ್ನಡದಿಂದಲೇ ಉತ್ತರ ಶುರು ಮಾಡುತ್ತಿದ್ದರು. ನಾನೂ ಹಾಗೆಯೇ ಮಾಡುತ್ತೇನೆ.

ಕನ್ನಡಿಯ ಮುಂದೆ ನೆರಿಗೆ ಹಿಡಿದು ನಿಂತಿರುವಾಗ ಯಾರಾದರೂ ಬಾಗಿಲು ಬಡಿದರೆ ‘ಸೀರೆ ಉಡುತ್ತಿದ್ದೇನೆ, ಬಂದೆ’ ಎನ್ನುತ್ತೀರಿ. ಸೆರಗಿಗೆ ಪಿನ್ನು ಚುಚ್ಚಿ ಹೊರಬಂದ ಮೇಲೆ ‘ರೇಷ್ಮೆ ಸೀರೆ ಉಟ್ಟಿದ್ದೇನೆ’. ‘ಪುಟಿಂಗ್ ಆನ್’ ಆ ಮೊದಲನೆಯ ಮಾತು, ‘ವೇರಿಂಗ್’ ಎರಡನೆಯದು. ನಾವು ಎಡವುವುದು ‘ಹಾಕಿಕೊಂಡಿದ್ದೇನೆ’ ಎಂಬುದರಿಂದ. ‘ಹಾಕು’ ಎಂದೊಡನೆ ‘ಪುಟ್’ ನೆನಪಾಗುತ್ತದೆ, ‘ಇದ್ದೇನೆ’ ಎಂದೊಡನೆ ‘ಇಂಗ್’ ಬಂದು ಅಂಟಿಕೊಳ್ಳುತ್ತದೆ.

ಇನ್ನೊಂದು: ‘ಪುಟ್ ಆನ್ ದ ಶಾಲ್’, ‘ಪುಟ್ ದ ಶಾಲ್ ಆನ್’ ಎರಡೂ ಸರಿ. ಶಾಲಿನ ಬದಲು ‘ಇಟ್’ ಬಂದರೆ ಮಾತ್ರ ಅದು ನಡುವೆಯೇ ಕೂರಬೇಕು: ‘ಪುಟ್ ಇಟ್ ಆನ್’. ಕಳಚುವ ‘ಟೇಕ್ ಆಫ್’ಗೂ ಇದೇ ನಿಯಮ.

ಸೀರೆ, ಶರ್ಟು, ಶೂ, ಉಂಗುರ, ಕನ್ನಡಕ ಎಲ್ಲಕ್ಕೂ ಇಂಗ್ಲಿಷಿಗೆ ಈ ಒಂದು ‘ಪುಟ್ ಆನ್’ ಸಾಕು. ನಮಗೆ ಸಾಲದು. ಸೀರೆ ಉಡುತ್ತೇವೆ, ರವಿಕೆ ತೊಡುತ್ತೇವೆ, ಶಾಲು ಹೊದೆಯುತ್ತೇವೆ, ಪೇಟ ಸುತ್ತುತ್ತೇವೆ, ಚಪ್ಪಲಿ ಮೆಟ್ಟುತ್ತೇವೆ. ದೇವರಾಜ ಮಾರುಕಟ್ಟೆಯಿಂದ ಮಲ್ಲಿಗೆ ತಂದ ದಿನ ನಾನು ‘ಹೂ ಹಾಕಿಕೊಂಡೆ’ ಎಂದರೆ ಅಜ್ಜಿ ಬಿಡುತ್ತಿರಲಿಲ್ಲ. ‘ಮುಡಿದೆ ಅನ್ನು’ ಎಂದು ಹೇಳಿಸಿಯೇ ಮಾತು ಮುಂದುವರಿಸುತ್ತಿದ್ದರು. ಈಗ ಎಲ್ಲದಕ್ಕೂ ‘ಹಾಕಿಕೊ’ ಎನ್ನುವುದನ್ನು ಕೇಳಿದಾಗ ನನಗೆ ನೋವಾಗುತ್ತದೆ. ಸೀರೆ ಮಾರುವ ನೀವಾದರೂ ‘ಉಡು’ ಎಂಬುದನ್ನು ಬಿಡಬೇಡಿ.

ಮುಂದಿನ ಸಲ ‘ಐ ಆಮ್ ವೇರಿಂಗ್ ಮೈಸೂರ್ ಸಿಲ್ಕ್’ ಎನ್ನಿ. ನಾಲ್ವಡಿಯವರ ಕಾಲದಲ್ಲಿ, 1912ರಲ್ಲಿ, ಇಲ್ಲಿ ರೇಷ್ಮೆ ನೇಯ್ಗೆಯ ಕಾರ್ಖಾನೆ ಶುರುವಾದದ್ದನ್ನೂ ಹೇಳಿ. ಗಿರಾಕಿ ಸೀರೆ ಕೈಗೆತ್ತಿಕೊಂಡು ಉಡುವುದು ಹೇಗೆಂದು ನೋಡುತ್ತಾ ನಿಂತರೆ, ಆಗ ಧೈರ್ಯವಾಗಿ ಕೇಳಿ: ‘ಷಲ್ ಐ ಹೆಲ್ಪ್ ಯು ಪುಟ್ ಇಟ್ ಆನ್?’