ಗಣಿತ ಓದಿದವರಿಗೆ ಫ್ಲೂಯಿಡ್ ಡೈನಾಮಿಕ್ಸ್‌ನಲ್ಲಿ ದಾರಿ ಇದೆಯಾ?

ಕಲಬುರಗಿಯಲ್ಲಿ ಎಂಎಸ್ಸಿ ಗಣಿತ ಮುಗಿಸುತ್ತಿದ್ದೀರಿ, ಇಂಜಿನಿಯರಿಂಗ್ ಓದದೆ ಫ್ಲೂಯಿಡ್ ಡೈನಾಮಿಕ್ಸ್‌ಗೆ, ಅಂದರೆ ನೀರು, ಗಾಳಿಯಂಥವುಗಳ ಹರಿವಿನ ಅಧ್ಯಯನಕ್ಕೆ ಹೋಗಬಹುದಾ ಅಂತ ಕೇಳಿದ್ದೀರಿ. ಖಂಡಿತ ಹೋಗಬಹುದು. ಈ ವಿಷಯದಲ್ಲಿ ದೊಡ್ಡ ಹೆಸರು ಮಾಡಿದ ಎನ್. ರುದ್ರಯ್ಯನವರು ಗಣಿತದವರೇ. ನಮ್ಮ ಗುಲಬರ್ಗಾ ವಿಶ್ವವಿದ್ಯಾಲಯದ ಕುಲಪತಿಯೂ ಆಗಿದ್ದರು.

ಆದರೆ ಬರೀ ಪೆನ್ನು, ಹಾಳೆ ಸಾಲದು. ಹರಿವನ್ನು ವಿವರಿಸುವ ನೇವಿಯರ್-ಸ್ಟೋಕ್ಸ್ ಸಮೀಕರಣಗಳನ್ನು ಕೈಯಲ್ಲೇ ಪೂರ್ತಿ ಬಿಡಿಸಲು ಆಗುವುದು ಕೆಲವೇ ಸರಳ ಸಂದರ್ಭಗಳಲ್ಲಿ. ಕೊಳವೆಯಲ್ಲಿ ನೀರು ನಿಧಾನವಾಗಿ ಹರಿದರೆ ಉತ್ತರ ಸಿಗುತ್ತದೆ. ಮಳೆಗಾಲದ ಭೀಮಾ ನದಿ ಸುಳಿ ಸುತ್ತುತ್ತಾ ಬಂದರೆ ಕಂಪ್ಯೂಟರೇ ಬೇಕು. ಹಾಗಾಗಿ ನ್ಯೂಮರಿಕಲ್ ಮೆಥಡ್ಸ್ (ಸಮೀಕರಣಗಳಿಗೆ ಲೆಕ್ಕ ಹಾಕಿ ಅಂದಾಜು ಉತ್ತರ ಹುಡುಕುವ ವಿಧಾನಗಳು), ಪೈಥಾನ್ ಪ್ರೋಗ್ರಾಮಿಂಗ್ ಎರಡನ್ನೂ ಈಗಲೇ ಶುರು ಮಾಡಿ. ನಾನು ಪಿಎಚ್‌ಡಿ ಸೇರಿದ ಮೇಲೆ ಕಲಿತೆ, ಒಂದು ವರ್ಷ ಸುಮ್ನೆ ಕಳೆದುಹೋಯಿತು.

ಪಿಎಚ್‌ಡಿ ಮಾಡುವುದಾದರೆ ಸಿಎಸ್‌ಐಆರ್ ನೆಟ್ ಎಂಬ ರಾಷ್ಟ್ರೀಯ ಅರ್ಹತಾ ಪರೀಕ್ಷೆ ಬರೆಯಿರಿ. ಅದರಲ್ಲಿ ಜೆಆರ್‌ಎಫ್ (ಸಂಶೋಧನೆ ಮಾಡುವವರಿಗೆ ಕೊಡುವ ಫೆಲೋಶಿಪ್) ಸಿಕ್ಕರೆ ತಿಂಗಳಿಗೆ 37,000 ರೂಪಾಯಿ ಬರುತ್ತದೆ, ಮನೆಯವರಿಗೆ ಭಾರ ಆಗುವುದಿಲ್ಲ.

ನಿಮಗೆ ಯಾವ ಹರಿವು ಇಷ್ಟ, ರಕ್ತದ್ದಾ, ಗಾಳಿಯದ್ದಾ? ತಿಳಿಸಿ, ಎಂಥ ಗೈಡ್ ಹುಡುಕಬೇಕು ಅಂತ ಹೇಳುತ್ತೇನೆ.