ಕೆಲಸ ಬಿಟ್ಟು ಉದ್ಯಮ ತರಬೇತಿಗೆ ಸೇರಿದರೆ ಮುಂದೆ ಆದಾಯ ಹೆಚ್ಚುತ್ತದೆಯೇ?

ಮುಂಬಯಿಯ ಮುಲುಂಡ್‌ನಲ್ಲಿ ಒಳ್ಳೆಯ ಕೆಲಸ ಇದೆ, ಬಿಟ್ಟು ತರಬೇತಿಗೆ ಸೇರಲೇ ಅಂತ ಕೇಳಿದ್ದೀರಿ. 2018ರಲ್ಲಿ ನಾನು ಹಾಗೇ ಬಿಟ್ಟವನು. ತರಬೇತಿ ಮುಗಿಸಿ, ಪಿಎಂಇಜಿಪಿ (ಸಣ್ಣ ಉದ್ಯಮ ಶುರು ಮಾಡುವವರಿಗೆ ಕೇಂದ್ರ ಸರ್ಕಾರದ ಸಬ್ಸಿಡಿ ಇರುವ ಬ್ಯಾಂಕ್ ಸಾಲ) ಸಾಲದಲ್ಲಿ ಡೊಂಬಿವಲಿಯಲ್ಲಿ ಇಡ್ಲಿ-ದೋಸೆ ಹಿಟ್ಟು ರುಬ್ಬಿ ಮಾರಲು ಶುರು ಮಾಡಿದೆ.

ನನ್ನನ್ನು ಮುಳುಗಿಸಿದ್ದು ಸಬ್ಸಿಡಿ. ನನ್ನ ಘಟಕದ ಒಟ್ಟು ವೆಚ್ಚ 8 ಲಕ್ಷ. ನಗರದ ಸಾಮಾನ್ಯ ವರ್ಗಕ್ಕೆ ಕೈಯಿಂದ ಹಾಕಬೇಕಾದ್ದು ಶೇ. 10, ಸಬ್ಸಿಡಿ ಶೇ. 15, ಅಂದರೆ 1.20 ಲಕ್ಷ. ಅದು ಬಂದೇ ಬರುತ್ತದಲ್ಲ ಅಂತ, ಅಕ್ಕಿ-ಉದ್ದಿಗೆ ಇಟ್ಟಿದ್ದ ದುಡ್ಡನ್ನು ಗಾಳೆಯ (ಬಾಡಿಗೆ ಮಳಿಗೆಯ) ಡಿಪಾಸಿಟ್ಟಿಗೆ ಸುರಿದೆ. ಬರುವುದೇನೋ ನಿಜ, ನಮ್ಮ ಕೈಗಲ್ಲ! ಮೂರು ವರ್ಷ ಬ್ಯಾಂಕಿನಲ್ಲೇ ಠೇವಣಿಯಾಗಿ ಕೂರುತ್ತದೆ. ಅದಕ್ಕೆ ಬಡ್ಡಿ ಇಲ್ಲ (ಅಷ್ಟು ಸಾಲಕ್ಕೂ ಬಡ್ಡಿ ಹಾಕುವುದಿಲ್ಲ ಅನ್ನಿ). ಆಮೇಲೆ ಘಟಕ ನಡೆಯುತ್ತಿದೆಯೇ ಅಂತ ನೋಡಿ ಸಾಲಕ್ಕೆ ಜಮೆ ಮಾಡುತ್ತಾರೆ. ತರಬೇತಿಯಲ್ಲಿ ಇದನ್ನು ಹೇಳಿದ್ದರು, ನಾನು ಬರೆದುಕೊಂಡೂ ಇದ್ದೆ. ಕಿವಿಗೆ ಬಿದ್ದದ್ದು 'ಸಬ್ಸಿಡಿ' ಮಾತ್ರ.

ಹೋಟೆಲಿನವರದು ಹದಿನೈದು ದಿನದ ಉದ್ರಿ, ವಾಶಿ ಮಾರ್ಕೆಟ್ಟಿನಲ್ಲಿ ಉದ್ದಿಗೆ ನಗದು. ಗಿರಾಕಿಗಳೆಲ್ಲ ಊರ ಕಡೆಯ ಅಣ್ಣಂದಿರೇ, ಬಾಕಿ ಕೇಳಲು ಸಂಕೋಚ ಬೇರೆ. ಕಂತು ತಪ್ಪಿತು, ಗ್ರೈಂಡರ್ ಮಾರಿದೆ.

ಈಗ ಥಾಣೆಯಲ್ಲಿ ಕೇಟರಿಂಗಿನವರೊಬ್ಬರ ಖರೀದಿ ನೋಡಿಕೊಳ್ಳುತ್ತೇನೆ. ಸಂಬಳ ಹಳೆಯದಕ್ಕಿಂತ ಜಾಸ್ತಿ. ತರಬೇತಿಯಲ್ಲಿ ಕಲಿತ ಖರ್ಚಿನ ಲೆಕ್ಕವೇ ಈ ಕೆಲಸ ಕೊಡಿಸಿದ್ದು. ಇದನ್ನು ಯಾವ ಖಾತೆಗೆ ಬರೆಯುತ್ತೀರೋ ಬರೆಯಿರಿ.

ನನ್ನೊಬ್ಬನ ಕತೆ ಸಾಲದು ಅಂದರೆ ಬೇರೆ ಕಡೆಯದನ್ನೂ ನೋಡಿ. ಉಗಾಂಡಾದಲ್ಲಿ 2008ರಲ್ಲಿ ಯುವಕರ ಗುಂಪುಗಳಿಗೆ ಕಸುಬು ಕಲಿತು ಉಪಕರಣ ಕೊಳ್ಳಲು ಸರ್ಕಾರ ಹಣ ಕೊಟ್ಟಿತ್ತು. ನಾಲ್ಕು ವರ್ಷಕ್ಕೆ ಅವರ ಗಳಿಕೆ ಹಣ ಸಿಗದವರಿಗಿಂತ ಶೇ. 38 ಮೇಲಿತ್ತು. ಒಂಬತ್ತನೇ ವರ್ಷಕ್ಕೆ ಸಿಗದವರೂ ದುಡಿದು ಅಲ್ಲಿಗೇ ಬಂದಿದ್ದರು. ಟ್ಯುನೀಷಿಯಾದಲ್ಲಿ ಪದವಿ ವಿದ್ಯಾರ್ಥಿಗಳಿಗೆ ಉದ್ಯಮ ತರಬೇತಿ ಕೊಟ್ಟಾಗ ಮೊದಲು ಸ್ವಂತ ಉದ್ಯೋಗ ತುಸು ಹೆಚ್ಚಿತು, ನಾಲ್ಕು ವರ್ಷದಲ್ಲಿ ಆ ವ್ಯತ್ಯಾಸವೂ ಕರಗಿತು. ತರಬೇತಿ ವ್ಯರ್ಥ ಅನ್ನುತ್ತಿಲ್ಲ, ಅದನ್ನು ನಂಬಿ ಸಂಬಳ ಬಿಡಬೇಡಿ ಅನ್ನುತ್ತಿದ್ದೇನೆ.

ಅಲ್ಲಾ, ಬಿಡಲೇಬೇಕು ಅಂತ ಯಾರು ಹೇಳಿದ್ದು? ಮುಂಬಯಿಯಲ್ಲಿ ನಮ್ಮ ಹಿರಿಯರು ಹಗಲು ಹೋಟೆಲಲ್ಲಿ ದುಡಿದು ಕನ್ನಡ ರಾತ್ರಿಶಾಲೆಯಲ್ಲಿ ಓದಿದವರು. ನೀವು ರಜೆ ಹಾಕಿ ಹೋಗಿ. ಪ್ರಾಜೆಕ್ಟ್ ರಿಪೋರ್ಟಿನಲ್ಲಿ ಸಬ್ಸಿಡಿ ಜಾಗದಲ್ಲಿ ಸೊನ್ನೆ ಬರೆದು, ಎರಡು ತಿಂಗಳ ಉದ್ರಿ ಸೇರಿಸಿ ಮತ್ತೆ ಕೂಡಿಸಿ. ಆಗಲೂ ಲೆಕ್ಕ ಕೂಡಿಬಂದರೆ ಬ್ಯಾಂಕಿಗೆ ಹೋಗಿ.