ಹಾಡು ಶುರುವಾಗುವುದು ಯಾವಾಗ?

ಪ್ರಶ್ನೆ: ಇಂಗ್ಲೆಂಡಿನ ಟಾಕ್ ಟಾಕ್ ತಂಡದ ‘ಸ್ಪಿರಿಟ್ ಆಫ್ ಈಡನ್’ ಕೇಳಿ ಎಂದು ಹಿಂದೊಮ್ಮೆ ಬರೆದಿದ್ದಿರಿ. ಎರಡು ಸಲ ಕೇಳಿದೆ. ಹಾಡು ಈಗ ಶುರುವಾಗುತ್ತೆ, ಆಗ ಶುರುವಾಗುತ್ತೆ ಎಂದು ಕಾಯುವುದರಲ್ಲೇ ಆಲ್ಬಮ್ ಮುಗಿದುಹೋಯಿತು. ಇದು ರಾಕ್ ಹೇಗೆ?

ಉತ್ತರ: ಮೊದಲ ಸಲ ನನಗೂ ಹೀಗೇ ಆಗಿತ್ತು. ಒಂಟಿ ಟ್ರಂಪೆಟ್ಟು, ತೆಳ್ಳಗೆ ಎಳೆದ ತಂತಿಗಳ ದನಿ, ನಡುನಡುವೆ ಬರೀ ಮೌನ. ಸುಮ್ನೆ ಎತ್ತಿಟ್ಟುಬಿಟ್ಟೆ.

ಮೊದಲ ಹಾಡು ‘ದಿ ರೇನ್‌ಬೋ’ದಲ್ಲಿ ಗಂಟಲು ಒಡೆದಂಥ ಒಂದು ಕರಕರ ದನಿ ಬರುತ್ತದೆ, ಗಮನಿಸಿದಿರಾ? ಅದು ಎಲೆಕ್ಟ್ರಿಕ್ ಗಿಟಾರ್ ಎಂದೇ ತುಂಬಾ ದಿನ ಅಂದುಕೊಂಡಿದ್ದೆ. ಒಂದು ರಾತ್ರಿ ದೀಪ ಆರಿಸಿ, ಹೆಡ್‌ಫೋನ್ ಹಾಕಿಕೊಂಡು ಕೂತಿದ್ದೆ. ಆ ದನಿ ಉಸಿರಿನ ಹಾಗೆ ಉಬ್ಬಿ ಇಳಿಯುತ್ತಿತ್ತು. ಗಿಟಾರಿಗೆಲ್ಲಿಯ ಉಸಿರು! ಅದು ಮಾರ್ಕ್ ಫೆಲ್ತಮ್ ಊದಿದ ಮೌತ್ ಆರ್ಗನ್. ಆವತ್ತಿನಿಂದ ಈ ಆಲ್ಬಮ್ ನನ್ನನ್ನು ಬಿಟ್ಟಿಲ್ಲ. ಪ್ರತಿ ಸಲವೂ ಇಂಥದ್ದೊಂದು ಕೈಗೆ ಸಿಗುತ್ತದೆ.

ಇದನ್ನು ಮಾಡಿದ ರೀತಿಯೇ ಹಾಗಿತ್ತು. 1987-88ರಲ್ಲಿ ಲಂಡನ್ನಿನ ವೆಸೆಕ್ಸ್ ಸ್ಟುಡಿಯೋದಲ್ಲಿ ತಿಂಗಳುಗಟ್ಟಲೆ ಕೆಲಸ ನಡೆಯಿತು. ಕೋಣೆ ಕತ್ತಲು. ಬಂದ ವಾದ್ಯಗಾರರು ಮನಸ್ಸಿಗೆ ತೋಚಿದ್ದನ್ನು ಗಂಟೆಗಟ್ಟಲೆ ನುಡಿಸುತ್ತಿದ್ದರು. ಹಾಡುಗಾರ ಮಾರ್ಕ್ ಹಾಲಿಸ್ ಮತ್ತು ನಿರ್ಮಾಪಕ ಟಿಮ್ ಫ್ರೀಸ್-ಗ್ರೀನ್ ಅದರಲ್ಲಿ ಒಂದೆರಡು ತುಣುಕು ಆರಿಸಿ, ಉಳಿದದ್ದನ್ನೆಲ್ಲ ಬಿಟ್ಟುಬಿಡುತ್ತಿದ್ದರು. ಪಿಟೀಲಿಗೆ ನೈಜೆಲ್ ಕೆನಡಿ, ಡಬಲ್ ಬೇಸ್‌ಗೆ ಡ್ಯಾನಿ ಥಾಂಪ್ಸನ್. ಅಂಥವರ ವಾದನದಿಂದಲೂ ಬೇಕಾದಷ್ಟನ್ನೇ ತೆಗೆದುಕೊಂಡರು. ಇಷ್ಟೆಲ್ಲ ಮಾಡಿ ಉಳಿದದ್ದು ಆರು ಹಾಡು, ಸುಮಾರು 41 ನಿಮಿಷ.

ರಾಕ್ ಎಲ್ಲಿದೆ ಅಂದಿರಿ. ಮೂರನೆಯ ಹಾಡು ‘ಡಿಸೈರ್’ ಕೇಳಿ. ಪಿಸುಮಾತಿನಲ್ಲಿ ಹೋಗುತ್ತಿದ್ದದ್ದು ಇದ್ದಕ್ಕಿದ್ದಂತೆ ಡ್ರಮ್ಮು, ಗಿಟಾರಿನ ಸಮೇತ ಸಿಡಿಯುತ್ತದೆ. ಹಿಂದಿನ ಮೌನವನ್ನು ಪೂರ್ತಿ ಕೇಳಿದವರಿಗೆ ಮಾತ್ರ ಆ ಹೊಡೆತ ಎದೆಗೆ ತಾಗುತ್ತದೆ. ಮೊದಲ ಮೂರು ಹಾಡುಗಳು ಒಂದರೊಳಗೊಂದು ಹರಿಯುತ್ತವೆ, ಬಿಡಿಬಿಡಿಯಾಗಿ ಕೇಳಬೇಡಿ.

ಇದಕ್ಕೆ ಮೊದಲು ಬಂದ ಇವರದೇ ಆಲ್ಬಮ್, 1986ರ ‘ದಿ ಕಲರ್ ಆಫ್ ಸ್ಪ್ರಿಂಗ್’ ಚೆನ್ನಾಗಿ ಮಾರಾಟವಾಗಿತ್ತು. ತಂಡ ಅದೇ ದಾರಿ ಹಿಡಿದಿದ್ದರೆ ದುಡ್ಡು ಜಾಸ್ತಿ ಬರುತ್ತಿತ್ತು, ಅಲ್ವಾ? 1988ರಲ್ಲಿ ಬಂದ ಈ ಆಲ್ಬಮ್ ಬ್ರಿಟನ್ನಿನ ಆಲ್ಬಮ್ ಮಾರಾಟದ ಪಟ್ಟಿಯಲ್ಲಿ 19ನೇ ಸ್ಥಾನಕ್ಕೆ ನಿಂತಿತು. ವೇದಿಕೆಯ ಮೇಲೆ ಇದನ್ನು ಅವರು ನುಡಿಸಲೇ ಇಲ್ಲ. ವಿಮರ್ಶಕರು ಆಮೇಲೆ ಎಷ್ಟೋ ಹೊಗಳಿದರು. ಆದರೂ ಇದು ತಲುಪಬೇಕಾದಷ್ಟು ಕಿವಿಗಳನ್ನು ತಲುಪಿಲ್ಲ ಎಂಬ ಸಂಕಟ ನನಗಿದೆ.

ಮೂರನೇ ಸಲ ಕೇಳುವಾಗ ಬೇರೆ ಕೆಲಸ ಇಟ್ಟುಕೊಳ್ಳಬೇಡಿ. ‘ಐ ಬಿಲೀವ್ ಇನ್ ಯೂ’ ಬಂದಾಗ ಸ್ವಲ್ಪ ಕಿವಿಗೊಡಿ. ಹೆರಾಯಿನ್ ಚಟದ ಬಗೆಗಿನ ಹಾಡು ಅದು. ಹಾಲಿಸ್‌ನ ದನಿ ಹಿಡಿಯಷ್ಟಾಗಿರುವಾಗ ಹಿಂದಿನಿಂದ ಇಂಗ್ಲೆಂಡಿನ ಚೆಲ್ಮ್ಸ್‌ಫರ್ಡ್ ಕೆಥೆಡ್ರಲ್ ಚರ್ಚಿನ ಗಾಯಕರು ಮೆಲ್ಲಗೆ ಏಳುತ್ತಾರೆ. ಅಲ್ಲಿ ನಿಮಗೆ ಏನು ಕೇಳಿಸಿತು ಎಂದು ಬರೆಯಿರಿ.